ಒಂದು ಮೂಟೆಯ ಮಾತು

"ನೀನು ಒಂದು ಮೂಟೆ ತೂಗಿದ ದಿನ ನಿನ್ನನ್ನ ಬೆನ್ನ ಮೇಲೆ ಹೊತ್ಕೊಂಡು ಇಡೀ ಗೋದಾಮು ಒಂದು ಸುತ್ತು ಹಾಕ್ತೀನಿ" ಎಂದು ಹಮಾಲಿ ಮಗಳಿಗೆ ಮಾತು ಕೊಟ್ಟಾಗ ಅವಳಿಗಿನ್ನೂ ಹಾಲುಹಲ್ಲು ಬೀಳುತ್ತಿದ್ದವು. ಐವತ್ತು ಕಿಲೋ ಸಕ್ಕರೆ ಮೂಟೆ ತೂಗುವ ಯಂತ್ರದ ಮೇಲೆ ಹತ್ತಿ ನಿಂತು ಮುಳ್ಳು ಎಲ್ಲಿಗೆ ಬಂತೆಂದು ಬಗ್ಗಿ ನೋಡುವುದು ಅವಳ ಆಟ. ಅರ್ಧ ಮೂಟೆಯೂ ಆಗಿಲ್ಲವೆಂದರೆ ಮುಖ ಸಣ್ಣದು ಮಾಡಿಕೊಂಡು ಮನೆಗೆ ಹೋಗಿ ಅಮ್ಮನ ಹತ್ತಿರ ಇನ್ನೊಂದು ತುತ್ತು ಕೇಳುವಳು. ಗೋದಾಮಿನವರ ಬಾಯಲ್ಲಿ ಅವಳ ಹೆಸರೇ ಅರ್ಧಮೂಟೆ ಎಂದಾಗಿತ್ತು.

ಆ ದಿನ ಬಂದಾಗ ಅವಳು ಕಾಲೇಜಿಗೆ ಹೋಗುತ್ತಿದ್ದಳು. ಎಷ್ಟೋ ವರ್ಷದ ಮೇಲೆ ಗೋದಾಮಿಗೆ ಬಂದವಳು ನಗುತ್ತಾ ಯಂತ್ರದ ಮೇಲೆ ನಿಂತಳು. ಮುಳ್ಳು ಒಂದು ಮೂಟೆಯನ್ನು ದಾಟಿ ಇನ್ನೂ ಮುಂದಕ್ಕೆ ಹೋಯಿತು. "ಅಪ್ಪ, ಎಲ್ಲಿ ನನ್ನ ಸುತ್ತು?" ಎಂದಳು. ಬಾಗಿಲಲ್ಲಿ ಲಾರಿ ಕಾಯುತ್ತಿತ್ತು, ಸುತ್ತ ಜನರಿದ್ದರು. "ಇದು ನನ್ನೊಬ್ಬನ ಕೈಲಾಗೋ ಲೋಡಲ್ಲ ಕಣ್ರೋ, ಇನ್ನಿಬ್ಬರು ಬನ್ನಿ" ಎಂದುಬಿಟ್ಟ ಅವನು. ಗೋದಾಮಿಗೆ ಗೋದಾಮೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳೂ ನಕ್ಕಳು. ಅವಳೂ ನಕ್ಕಳಲ್ಲವೇ ಎಂಬುದನ್ನೇ ಅವನು ಆಮೇಲೆ ಬಹಳ ದಿನ ಹಿಡಿದುಕೊಂಡಿದ್ದ.

ತಮಾಷೆ ಹೋಗಿ ಅಮಾಸೆಯಾಯಿತು. ಯಾರದೋ ಮಾತು ಕೇಳಿ ಅವಳು ಬರೀ ಸೌತೆಕಾಯಿ, ನಿಂಬೆನೀರಿನಲ್ಲಿ ದಿನ ದೂಡತೊಡಗಿದಳು. ಮೊದಮೊದಲು ಅಕ್ಕಪಕ್ಕದವರು ಚೆನ್ನಾಗಿ ಕಾಣ್ತೀಯ ಎಂದರು. ಆಮೇಲೆ ಬಾಚಣಿಗೆ ತುಂಬ ಕೂದಲು ಬಂತು. ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡಳು. ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಕುಸಿದಳು. ಅವನು ಬೆನ್ನಿಗೆ ಹಾಕಿಕೊಂಡು ಕೆಳಗಿಳಿದ. ಯಂತ್ರಕ್ಕಿಂತ ಮೊದಲೇ ಕಡಿಮೆ ತೂಕದ ಮೂಟೆಯನ್ನು ಹಿಡಿಯುವ ಬೆನ್ನು ಅದು. ಮೊದಲ ತಿರುವಿನಲ್ಲೇ ಅದಕ್ಕೆ ಗೊತ್ತಾಯಿತು, ಮುಕ್ಕಾಲು ಮೂಟೆಯೂ ಇಲ್ಲ.

ಹೊಟ್ಟೆಗೆ ಊಟ ಮಾಡುವುದನ್ನು ಮತ್ತೆ ಮೊದಲಿಂದ ಕಲಿಸಬೇಕು ಎಂದರು ಡಾಕ್ಟರಮ್ಮ. ಹಸಿವಾಗಲಿ ಬಿಡಲಿ ಹೊತ್ತಿಗೆ ಸರಿಯಾಗಿ ಸ್ವಲ್ಪಸ್ವಲ್ಪವೇ ತಿನ್ನಬೇಕು. ತೂಕದ ಯಂತ್ರ ಅವಳ ಕಣ್ಣಿಗೆ ಬೀಳಕೂಡದು. ಅವಳ ತಟ್ಟೆಯನ್ನು ಯಾರೂ ನೋಡಬಾರದು, ಇನ್ನೊಂಚೂರು ಎನ್ನಬಾರದು, ಶಹಬ್ಬಾಸ್ ಎಂದೂ ಅನ್ನಬಾರದು. ಜೊತೆಗೆ ಕೂತು ನೀವು ನಿಮ್ಮ ಪಾಡಿಗೆ ತಿನ್ನಿ, ಅಷ್ಟೇ, ಎಂದರು.

ಅಮ್ಮ ಮಧ್ಯಾಹ್ನ ಕೆಲಸದಲ್ಲಿರುತ್ತಿದ್ದಳು, ಹಾಗಾಗಿ ಮಗಳು ಡಬ್ಬಿ ಹಿಡಿದು ಗೋದಾಮಿಗೆ ಬರತೊಡಗಿದಳು. ಸಾವಿನ ಮನೆಯಲ್ಲೂ ಜೋಕು ಹೊಡೆಯುವ ಹಮಾಲಿಗಳು ಅವಳು ಬಂದೊಡನೆ ಬಾಯಿಗೆ ಬೀಗ ಹಾಕಿಕೊಂಡು ತಂತಮ್ಮ ಡಬ್ಬಿಯೊಳಗೇ ಕಣ್ಣು ನೆಡುತ್ತಿದ್ದರು. ಯಂತ್ರದ ಮೇಲೆ ಯಾರೋ ಗೋಣಿಚೀಲ ಹೊದಿಸಿದ್ದರು. ಅವಳು ಒಂದು ತುಂಡು ಬ್ರೆಡ್ಡನ್ನು ಇರುವೆಗೆ ಹಾಕುವಂತೆ ಚೂರುಚೂರು ಮಾಡಿ ಒಂದೊಂದನ್ನೇ ಬಾಯಿಗಿಡುವಳು, ಕಣ್ಣೀರು ಡಬ್ಬಿಗೆ ಬೀಳುವುದು. ಅವನಿಗೂ ತುತ್ತು ಇಳಿಯುತ್ತಿರಲಿಲ್ಲ. ಆದರೂ ಅಗಿಯುತ್ತಿದ್ದ. ತಿಂಗಳುಗಳು ಹೀಗೇ ಕಳೆದವು. ಒಂದು ದಿನ ಅವಳು ಕೇಳದೆಯೇ ಅವನ ಡಬ್ಬಿಯಿಂದ ಬೇಯಿಸಿದ ಮೊಟ್ಟೆಯ ಒಂದು ಹೋಳು ಎತ್ತಿಕೊಂಡಳು. ಅವನು ನೀರು ಕುಡಿಯುವ ನೆಪದಲ್ಲಿ ಎದ್ದು ಮೂಟೆಗಳ ಹಿಂದೆ ಹೋದ. ಕಣ್ಣೇನೋ ಕೆಂಪಗಿದೆ ಎಂದ ಜೊತೆ ಹಮಾಲಿ ಮೀಸೆಯಣ್ಣನಿಗೆ, ಗೋಣಿ ಧೂಳು ಎಂದ.

ಅದೇ ಮಳೆಗಾಲದಲ್ಲಿ ಮೂಟೆ ಹೊತ್ತು ಲಾರಿಯಿಂದ ಇಳಿಯುವಾಗ ಒದ್ದೆ ಹಲಗೆಯ ಮೇಲೆ ಜಾರಿ ಅವನ ಬೆನ್ನು ಹೋಯಿತು. ಸೊಂಟಕ್ಕೆ ಬೆಲ್ಟು ಬಂತು. ಹೊರುವವನು ಈಗ ಮೂಲೆಯಲ್ಲಿ ಕೂತು ದಬ್ಬಣ ಹಿಡಿದು ಮೂಟೆಯ ಬಾಯಿ ಹೊಲಿಯುತ್ತಿದ್ದ.

ಈವತ್ತು ಅವಳು ಡಬ್ಬಿ ಪೂರ್ತಿ ಖಾಲಿ ಮಾಡಿದಳು. ಮುಚ್ಚಳ ಹಾಕಿ, ನೆಲ ನೋಡುತ್ತಾ ಹೇಳಿದಳು.

"ಅಪ್ಪ, ಆಸ್ಪತ್ರೇಲಿ ಇಷ್ಟು ದಿನ ಮುಳ್ಳು ಕಾಣದ ಹಾಗೆ ಬೆನ್ನು ತಿರುಗಿಸಿ ನಿಲ್ಲಿಸಿ ತೂಕ ನೋಡ್ತಿದ್ರು. ಬೆಳಿಗ್ಗೆ ಡಾಕ್ಟರಮ್ಮ ಮೊದಲ್ನೇ ಸಲ ಹೇಳಿದ್ರು. ಒಂದು ಮೂಟೆ ಆಗಿದೀನಿ."

ದಬ್ಬಣ ಅರ್ಧಕ್ಕೇ ನಿಂತಿತು. ಅವನು ಗೋಡೆ ಹಿಡಿದು ಎದ್ದ. ಮೂಟೆ ಹೊರುವಾಗ ಹಾಕಿಕೊಳ್ಳುತ್ತಿದ್ದ ಗೋಣಿಕೊಪ್ಪೆಯನ್ನು ಮೊಳೆಯಿಂದ ತೆಗೆದು ತಲೆಗೆ ಹಾಕಿಕೊಂಡ. ಮಂಡಿಯ ಮೇಲೆ ಕೈಯೂರಿ ಬಗ್ಗಿ ನಿಂತ.

"ಹತ್ತು."

"ಬೇಡಪ್ಪ. ನಿನ್ನ ಬೆನ್ನು..."

"ಹತ್ತು ಅಂದೆ."

ಅವಳು ಹಿಂದಿನಿಂದ ಅವನ ಕೊರಳಿಗೆ ಕೈ ಹಾಕಿದಳು. ಅವನು ಹಲ್ಲು ಕಚ್ಚಿ ಏಳಲು ನೋಡಿದ. ಬೆಲ್ಟಿನ ಕೆಳಗೆ ಏನೋ ಹಿಡಿದುಕೊಂಡಿತು, ಉಸಿರು ಅಲ್ಲೇ ನಿಂತಿತು. ಇನ್ನೊಮ್ಮೆ ನೋಡಿದ. ಏಳಲಾಗಲಿಲ್ಲ. ಹಮಾಲಿಗಳು ಡಬ್ಬಿಯಿಂದ ತಲೆ ಎತ್ತಲಿಲ್ಲ. ಇನ್ನಿಬ್ಬರು ಬರಬೇಕೇ ಎಂದು ಯಾರೂ ಕೇಳಲಿಲ್ಲ.

"ನಡಿಯಪ್ಪ" ಎಂದಳು ಮಗಳು ಅವನ ಕಿವಿಯ ಹತ್ತಿರ. "ನಾನು ಹತ್ತಿದೀನಿ."

ಅವನು ಬಗ್ಗಿದ ಬೆನ್ನಲ್ಲೇ ನಡೆದ. ಸಕ್ಕರೆ ರಾಶಿಯ ಬದಿಯಿಂದ, ಲಾರಿ ಬಾಗಿಲ ಮುಂದಿನಿಂದ, ಗೋಣಿ ಹೊದ್ದ ಯಂತ್ರವನ್ನು ಬಳಸಿಕೊಂಡು ಒಂದು ಸುತ್ತು. ಬೆನ್ನ ಮೇಲೆ ಭಾರವೇ ಇರಲಿಲ್ಲ. ಹಿಂದೆ ಅವಳ ಚಪ್ಪಲಿ ನೆಲಕ್ಕೆ ಉಜ್ಜುವ ಸದ್ದು ಮಾತ್ರ ಕೊನೆಯವರೆಗೂ ಕೇಳುತ್ತಲೇ ಇತ್ತು.

ಹಮಾಲಿ ಕೊಟ್ಟ ಮಾತನ್ನು ಉಳಿಸಿಕೊಳ್ಳಲಿಲ್ಲ.