ಬ್ರೇಕಿನ ಕೊಂಡಿ

ಜಜ್ಜಿಹೋದ ಟ್ರ್ಯಾಕ್ಟರಿನ ಎರಡು ಬ್ರೇಕ್ ಪೆಡಲ್‌ಗಳ ನಡುವೆ ಜೋತಾಡುತ್ತಿದ್ದ ಕೊಂಡಿಯನ್ನು ವಿಮೆ ಕಂಪನಿಯ ಸರ್ವೇಯರ್ ಸ್ನೇಹಲ ಬೆರಳಿನಿಂದ ಎತ್ತಿ ತೋರಿಸಿದಾಗ ಭರಮು ಬಗ್ಗಿ ನೋಡಿದ.

"ಇದು ಮುರದಿಲ್ರಿ ಕಾಕಾ, ಬಿಚ್ಚಿದ್ದೈತಿ. ಹಾಕಿದ್ರ ಎರಡೂ ಬ್ರೇಕ್ ಕೂಡೇ ಹಿಡೀತಿದ್ವು. ಬಿಚ್ಚಿದ್ದಕ್ಕ ಒಂದೇ ಗಾಲಿ ಹಿಡದು, ಕಬ್ಬಿನ ಟ್ರೇಲಿ ಸಮೇತ ಗಾಡಿ ಪಲ್ಟಿ ಆಗೈತಿ," ಎಂದಳು ಆಕೆ. "ರೋಡಿಗೆ ಬರೂ ಮುಂದ ನಿಮ್ಮ ಮಗಾ ಹಾಕೂದು ಮರ್ತಾನ."

"ಕೊಂಡಿ ಎಲ್ಲಿ ನೆನಪಿರ್ತೈತ್ರಿ ಅವಂಗ?" ಭರಮುವಿನ ತಮ್ಮ ದುಂಡೇಶ ಗೊಣಗಿದ. "ಟೇಪ್ ಹಚ್ಚಿದ್ನಂದ್ರ ಲೋಕಾನೇ ಮರೀತಿದ್ದ." ಭರಮುವಿನ ಮಗ ಮಾಳೇಶನನ್ನು ಮಣ್ಣು ಮಾಡಿ ಬಂದಾಗಿನಿಂದ ಅಂಕಲಿ ಊರಿನ ಕಟ್ಟೆಕಟ್ಟೆಯ ಮೇಲೂ ಇದೇ ಮಾತು. ಅದನ್ನು ಮೊದಲು ಆಡಿದವನು ಭರಮುವೇ. ಹಾಡಿನ ಹುಚ್ಚು ನನ್ನ ಮಗನನ್ನು ತಿಂದಿತು ಎಂದು ಹೆಣದ ಮುಂದೆ ಎದೆ ಬಡಿದುಕೊಂಡು ಅತ್ತಿದ್ದ.

ಈಗ ಅವನ ಕಣ್ಣು ಕೊಂಡಿಯನ್ನು ಬಿಟ್ಟು ಕದಲಲಿಲ್ಲ. ಗಾಡಿ ಪಲ್ಟಿಯಾದ ದಿನ ಮುಂಜಾನೆ ನೇಗಿಲು ಹೊಡೆಯುವಾಗ, ಬದುವಿನ ಬಳಿ ಒಂದೇ ಬ್ರೇಕ್ ಒತ್ತಿದರೆ ಗಾಡಿ ಗಕ್ಕನೆ ತಿರುಗಲಿ ಎಂದು ಅದನ್ನು ಬಿಚ್ಚಿದ್ದು ಅವನದೇ ಕೈ. ಹೊಲ ಮುಗಿಸಿ, ಹಾಗೆಯೇ ಕೀಲಿಯನ್ನು ಮಗನ ಕೈಗಿತ್ತು ಊಟಕ್ಕೆ ನಡೆದಿದ್ದ.

ಸ್ನೇಹಲ ಫೋಟೋ ತೆಗೆದುಕೊಂಡು ಹಿಂದೆ ಸರಿದಳು. ಭರಮು ಮೊಣಕಾಲೂರಿ ಕೊಂಡಿಯನ್ನು ಒತ್ತಿದ. ಅದು ಕಟಕ್ಕೆಂದು ಕೂತಿತು. ಅದರ ಮೇಲಿಂದ ಕೈ ತೆಗೆಯದೆಯೇ ಹೇಳಿದ:

"ಅಂವ ಅಲ್ರಿ ಬಾಯಾರ. ಮರ್ತಾಂವ ನಾ."