ಅಡಿವೆಪ್ಪ ಪ್ರೈವೇಟ್ ಲಿಮಿಟೆಡ್

ಹೊಸ ಹೆಸರುಗಳೆಲ್ಲ ಖರ್ಚಾಗಿ, ಮನುಷ್ಯರನ್ನು ಕರೆಯುವ ಮಾತುಗಳಿಗೇ ಕಂಪನಿಗಳು ಕೈಹಾಕಿದ್ದವು. ಕಂಪನಿಗೆ ನೋಂದಣಿಯಾದ ಹೆಸರಿನಿಂದ ಮತ್ತೆ ಯಾರನ್ನೂ ಕರೆಯುವಂತಿರಲಿಲ್ಲ.

ನೀಲವ್ವ ತನ್ನ ಶೇಂಗಾ ಚಟ್ನಿ ಕಂಪನಿಗೆ ಗಂಡನ ಹೆಸರು ಕೊಟ್ಟಳು. ನೋಂದಣಿ ಕಚೇರಿಯ ಗುಮಾಸ್ತ ಮೊಹರೆತ್ತಿ ಕೇಳಿದ: "ಅಕ್ಕಾರ, ಇನ್ನ ಅವರನ್ನ ಅಡಿವೆಪ್ಪ ಅನ್ನಂಗಿಲ್ಲ. ನಡೀತೈತೇನು?"

"ಗಂಡನ ಹೆಸರು ನಾ ಯಾವಾಗರ ಹಿಡದು ಕರದೇನೇನಪಾ? 'ರೀ' ಅಂದ್ರ ಸಾಕು, ಎದ್ದು ಬರ್ತಾರ," ಎಂದು ನೀಲವ್ವ ನಕ್ಕಳು.

ಮೊಹರು ಬಿತ್ತು.

"ಸಹಿಗೆ ಅವರನ್ನ ಒಳಗ ಕರೀರಿ. ಆದ್ರ 'ರೀ' ಅನಬ್ಯಾಡ್ರಿ. ಅದನ್ನ ಹ್ವಾದ ವಾರ ಸೀರಿ ಕಂಪನಿಯವರು ತಗೊಂಡಾರ."

ನೀಲವ್ವ ಬಾಗಿಲಿಗೆ ಬಂದಳು. ಬೆಂಚಿನ ತುಂಬ ಗಂಡಸರು ಕೂತಿದ್ದರು, ನಡುವೆ ಗಂಡ ತೂಕಡಿಸುತ್ತಿದ್ದ. ಬಾಯಿ ತೆರೆದವಳು ಮುಚ್ಚಿಕೊಂಡು, ಚಪ್ಪಾಳೆ ತಟ್ಟಿದಳು.

ಅವನೊಬ್ಬನನ್ನು ಬಿಟ್ಟು ಎಲ್ಲರೂ ಎದ್ದು ನಿಂತರು.