ದೊಡ್ಡಪ್ಪನ ಅನುವಾದ

‘ಖುಷಿ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವಳು ಥಟ್ಟನೆ ತಲೆಯೆತ್ತಿದಳು.

ಅವಳು ಹೇಳಿದ್ದು ಬೇರೆಯೇ. “ನನ್ನ ಮಗಳಿಗಿನ್ನೂ ಹದಿಮೂರು. ನಮ್ಮಪ್ಪನ ವಯಸ್ಸಿನವನಿಗೆ ಕಟ್ಟೋಕೆ ಹೊರಟಿದ್ದಾನೆ ನಮ್ಮ ಭಾವ, ಅದೂ ಈ ವಾರವೇ. ಹೇಗಾದ್ರೂ ತಪ್ಪಿಸಿ ಅಂತ ಕೇಳಿ ದೊಡ್ಡಪ್ಪ” ಎಂದು ತನ್ನ ಭಾಷೆಯಲ್ಲಿ ಗೋಗರೆದಿದ್ದಳು. ನಿರಾಶ್ರಿತರ ಶಿಬಿರಕ್ಕೆಲ್ಲ ದೊಡ್ಡಪ್ಪನಾಗಿದ್ದ ದುಭಾಷಿ ಗಂಟಲು ಸರಿಮಾಡಿಕೊಂಡು, ಮೇಜಿನಾಚೆ ಕುಳಿತ ಆಪ್ತಸಮಾಲೋಚಕಿಗೆ ಈ ಊರಿನ ಭಾಷೆಯಲ್ಲಿ ತಿಳಿಸಿದ್ದು ಇಷ್ಟು: “ಮನೇಲಿ ಮದುವೆಯಂತೆ ಮೇಡಂ. ಇವಳಿಗೆ ಖುಷಿ. ಆ ಗಡಿಬಿಡೀಲಿ ನಿದ್ದೆ ಬರ್ತಿಲ್ಲವಂತೆ, ಅಷ್ಟೇ.”

ಸಮಾಲೋಚಕಿ ನಕ್ಕು, ಕಣ್ಣು ಮುಚ್ಚಿ ನಿಧಾನವಾಗಿ ಉಸಿರಾಡುವುದನ್ನು ತೋರಿಸಿಕೊಡತೊಡಗಿದಳು. ಹೋದ ತಿಂಗಳಿಂದ ಇದೇ ಹಾಡು. ತಾನು ಕರುಳು ಕಿತ್ತು ಮುಂದಿಡುವುದು, ಆಕೆ ಉಸಿರಾಡು ಎನ್ನುವುದು. ಎಂಥ ಕಲ್ಲುಮನಸ್ಸಿನವಳಪ್ಪ ಎಂದು ಈ ತಾಯಿ ಶಿಬಿರದ ದಾರಿಯುದ್ದಕ್ಕೂ ಆಕೆಯನ್ನು ಶಪಿಸುತ್ತ ಹೋಗುತ್ತಿದ್ದಳು. ಆದರೆ ಇದೇ ಕಟ್ಟಡದ ಮಹಡಿಯಲ್ಲಿ ಹೆಂಗಸರಿಗೆ ಈ ಊರಿನ ಭಾಷೆ ಕಲಿಸುವ ಟೀಚರ್ ಮೊನ್ನೆಯಷ್ಟೇ ಹಲಗೆಯ ಮೇಲೆ ನಗುವ ಮುಖ ಬರೆದು ‘ಖುಷಿ’ ಎಂದು ಅವಳಿಗೆ ಹೇಳಿಕೊಟ್ಟಿದ್ದರು.

“ಖುಷಿ ಅಂದ್ಯಾ?” ದೊಡ್ಡಪ್ಪನನ್ನು ಅವಳು ಏಕವಚನದಲ್ಲಿ ಕೇಳಿದ್ದು ಅದೇ ಮೊದಲು. “ನಾನು ಖುಷಿ ಅಂತ ಹೇಳಿದ್ನಾ?”

ಅವನು ದನಿ ತಗ್ಗಿಸಿದ. “ಮನೆ ವಿಷಯ ಬೀದಿಗೆ ತರಬೇಡ ತಾಯಿ. ಹೊರಗಿನವರ ಮುಂದೆ ನಮ್ಮ ಜನದ ಮಾನ ಏನಾಗಬೇಕು?”

ಅವಳ ಮೈಗೆ ಬೆಂಕಿ ಬಿದ್ದಂತಾಯಿತು. “ನಿಮ್ಮ ಮಾನ ಉಳಿಯೋಕೆ ನನ್ನ ಮಗಳು ಸಾಯಬೇಕಾ?” ಎಂದು ಮೇಜಿಗೆ ಗುದ್ದಿದ ಏಟಿಗೆ ಲೋಟ ಉರುಳಿ ಸಮಾಲೋಚಕಿಯ ಮಡಿಲೆಲ್ಲ ನೀರಾಯಿತು. ಆಮೇಲೆ, ಬಂದಷ್ಟು ಪದಗಳನ್ನೇ ಹೆಕ್ಕಿ ಹೆಕ್ಕಿ ಈ ಊರಿನ ಭಾಷೆಯಲ್ಲಿ ಆಕೆಯ ಮೇಲೂ ಎಗರಿದಳು: “ನಾನು ಖುಷಿ ಇಲ್ಲ! ಮಗಳು ಹದಿಮೂರು. ಗಂಡು ಮುದುಕ. ಇವನು ಸುಳ್ಳು. ನೀನು... ನೀನು ನನ್ನ ಮುಖ ನೋಡಲ್ಲ. ದಿನಾ ಇವನ ಬಾಯಿ ನೋಡ್ತೀಯ!”

ಸಮಾಲೋಚಕಿ ಒದ್ದೆ ಬಟ್ಟೆಯಲ್ಲೇ ಎದ್ದು ನಿಂತಳು. “ಮಗಳೆಲ್ಲಿ?”

“ಹೊರಗೆ. ಬೆಂಚು.”

“ಅವಳು ಇವತ್ತು ಆ ಮನೆಗೆ ಹೋಗಲ್ಲ.” ಮಕ್ಕಳ ರಕ್ಷಣಾ ಅಧಿಕಾರಿಗೆ ಫೋನ್ ಹಚ್ಚುತ್ತಲೇ ಆಕೆ ದೊಡ್ಡಪ್ಪನಿಗೆ ಬಾಗಿಲು ತೋರಿಸಿದಳು.

“ನಾಳೆಯಿಂದ ನಮ್ಮವರು ಒಬ್ಬರೂ ಇಲ್ಲಿಗೆ ಕಾಲಿಡಲ್ಲ, ನೋಡ್ತಿರಿ” ಎಂದು ಬುಸುಗುಡುತ್ತ ಅವನು ಬಾಗಿಲು ತೆರೆದ.

ಹೊರಗೆ ಸರದಿಗೆ ಕಾದಿದ್ದ ಅದೇ ಶಿಬಿರದ ಮುದುಕಿಗೆ, ತಮ್ಮ ಭಾಷೆಯಲ್ಲಿ ನಡೆದ ಜಗಳವೆಲ್ಲ ಕೇಳಿಸಿತ್ತು. ಆ ಭಾಷೆಯೊಂದು ಬಿಟ್ಟರೆ ಅವಳಿಗೆ ಬೇರೇನೂ ಬಾರದು. ಅವಳ ಗೋಳನ್ನೂ ಇಷ್ಟು ದಿನ ಹೇಳುತ್ತಿದ್ದವನು ದೊಡ್ಡಪ್ಪನೇ. ಅವಳು ಬೆಂಚಿನ ಮೇಲಿದ್ದ ಹುಡುಗಿಯ ಕೈ ಹಿಡಿದು, ಅವನನ್ನು ಮೊಣಕೈಯಿಂದ ಆಚೆ ತಳ್ಳಿ ಒಳಗೆ ಬಂದಳು. ಅವನ ಮುಖಕ್ಕೇ ಬಾಗಿಲು ಬಡಿದು, ಚಿಲಕ ಜಡಿದಳು.